ಸಂಪಾದಕನ ಮನೆಯ ಏಕಾಂತ

ವರ್ತಮಾನಪತ್ರದ ಸಂಪಾದಕನು ಕತೆಯ ನಾಯಕನಾಗುವದು ಅಪರೂಪ. ಎಲ್ಲಿಯಾದರೂ ಆದರೆ, ಅಲ್ಲಿ ಆತನು ಸೆರೆಮನೆಗೆ ಹೋಗುವ ಧೀರನಾಗಿರುತ್ತಾನೆ, ಇಲ್ಲವೆ ಕಾಗದದ ವ್ಯಾಪಾರಿಯ ಕಣ್ಣು ತಪ್ಪಿಸಿ ಹಿತ್ತಲ ಬಾಗಿಲಿನಿಂದ ಹೊರಬೀಳುವ ವಿನೋದಪಾತ್ರವಾಗಿರುತ್ತಾನೆ. ರವೀಂದ್ರನಾಥ ಠಾಕೂರರು 1901ರಲ್ಲಿ ಬರೆದ "ನಷ್ಟನೀಡ"ವೆಂಬ ನೀಳ್ಗತೆಯ ಭೂಪತಿಯು ಈ ಎರಡು ಜಾತಿಗೂ ಸೇರಿದವನಲ್ಲ. ಆತನು ಸಜ್ಜನನು, ಧನಿಕನು, ದೇಶದ ಹಿತದಲ್ಲಿ ನಿಜವಾದ ಆಸ್ಥೆಯುಳ್ಳವನು. ತನ್ನ ಮನೆಯಲ್ಲಿ ಏನು ನಡೆದಿದೆಯೆಂಬುದೊಂದನ್ನುಳಿದು ಲೋಕದ ಸಮಸ್ತ ವರ್ತಮಾನವನ್ನೂ ಬಲ್ಲವನು. ಈ ಕತೆಯ ಕೊನೆಯಲ್ಲಿ ಕನ್ನಡ ವಾಚಕನು ಥಟ್ಟನೆ ತಲೆಯೆತ್ತಿ ನೋಡುವಂಥ ಒಂದು ಸಂಗತಿಯಿದೆ. ಗೂಡು ಮುರಿದ ಮೇಲೆ ಭೂಪತಿಯು ಕಲಕತ್ತೆಯನ್ನು ತೊರೆದು ಹೊರಡುವದು ನಮ್ಮ ಮೈಸೂರಿಗೆ. ಅಲ್ಲಿಯ ಪತ್ರಿಕೆಯೊಂದರ ಸಂಪಾದಕತ್ವವನ್ನು ವಹಿಸಿಕೊಳ್ಳಲಿಕ್ಕೆ. ಪತ್ನಿಯು ತನ್ನನ್ನೂ ಕರೆದೊಯ್ಯಬೇಕೆಂದು ಬೇಡುತ್ತಾಳೆ, ಆತನು ಹಿಂದೆಗೆಯುತ್ತಾನೆ, ಮರುಗಳಿಗೆಗೆ ಮನಸ್ಸು ಕರಗಿ ಬಾ ಎನ್ನುತ್ತಾನೆ, ಆಗ ಆಕೆಯೇ ಒಲ್ಲೆನೆನ್ನುತ್ತಾಳೆ. ಅಲ್ಲಿಗೆ ಕತೆ ಮುಗಿಯುತ್ತದೆ.

ಈ ನೀಳ್ಗತೆಯನ್ನು ಸತ್ಯಜಿತ ರಾಯರು 1964ರಲ್ಲಿ "ಚಾರುಲತಾ" ಎಂಬ ಹೆಸರಿನಿಂದ ಚಿತ್ರಪಟಕ್ಕೆ ತಂದರು. ಚಿತ್ರಕ್ಕೆ ಆ ವರ್ಷದ ರಾಷ್ಟ್ರಪತಿಗಳ ಸುವರ್ಣಪದಕವೂ, 1965ರಲ್ಲಿ ಬರ್ಲಿನ್ ನಗರದ ಚಿತ್ರೋತ್ಸವದಲ್ಲಿ ದಿಗ್ದರ್ಶಕನಿಗೆ ಸಲ್ಲುವ ಬೆಳ್ಳಿಯ ಕರಡಿಯೂ ದೊರೆತವು. ತಾವು ತೆಗೆದ ಚಿತ್ರಗಳಲ್ಲೆಲ್ಲ ಮತ್ತೊಮ್ಮೆ ತೆಗೆಯುವ ಪ್ರಸಂಗ ಬಂದರೆ ಇದ್ದಂತೆಯೇ ತೆಗೆಯುವೆನೆಂದು ರಾಯರು ಹೇಳಿಕೊಂಡದ್ದು ಇದೊಂದರ ವಿಷಯದಲ್ಲಿಯೇ. ಪದಕಗಳ ಮಾತು ಇಷ್ಟಕ್ಕೆ ಸಾಕು. ವರ್ಣಚಿತ್ರಗಳಿಗೆ ಕಣ್ಣು ಒಗ್ಗಿಹೋದ ತರುಣರು ಕಪ್ಪು ಬಿಳುಪಿನ ಚಿತ್ರವೆಂದೊಡನೆ ಮುಖ ಸಿಂಡರಿಸುವದನ್ನು ನಾವು ಕಂಡಿದ್ದೇವೆ. ಅಂಥವರನ್ನು ಈ ಚಿತ್ರದ ಮುಂದೆ ಹತ್ತು ನಿಮಿಷ ಕೂಡಿಸಿದರೆ ಸಾಕು. ಉಳಿದುದನ್ನು ಆ ಹತ್ತು ನಿಮಿಷಗಳೇ ಮಾಡಿಕೊಳ್ಳುತ್ತವೆ.

ಆರಂಭದ ಆ ಭಾಗದಲ್ಲಿ ಮಾತು ಇಲ್ಲವೆಂದರೂ ಸಲ್ಲುವದು. ದೊಡ್ಡ ಮನೆ, ಮಧ್ಯಾಹ್ನದ ಹೊತ್ತು. ಚಾರುಲತೆಯು ಒಂದು ಕರವಸ್ತ್ರದ ಮೇಲೆ ಗಂಡನ ಹೆಸರಿನ ಇಂಗ್ಲಿಷ್ ಮೊದಲಕ್ಷರವನ್ನು ಕಸೂತಿ ಹಾಕುತ್ತಿದ್ದಾಳೆ. ಗಡಿಯಾರ ಹೊಡೆಯುತ್ತದೆ, ಆಳನ್ನು ಕೂಗಿ ಯಜಮಾನರಿಗೆ ಚಹ ಒಯ್ಯಲು ಹೇಳುತ್ತಾಳೆ. ಕೆಲಸ ತೀರಿತು. ಇನ್ನು ಸಂಜೆಯವರೆಗಿನ ಹೊತ್ತನ್ನು ಏನು ಮಾಡುವದು? ಕಪಾಟಿನ ಮುಂದೆ ನಿಂತು ಬಂಕಿಮರ ಹೆಸರನ್ನೇ ರಾಗವಾಗಿ ಗುನುಗುತ್ತ ಒಂದು ಪುಸ್ತಕವನ್ನು ತೆಗೆಯುತ್ತಾಳೆ. ಬೀದಿಯಲ್ಲಿ ಡಮರುವಿನ ಸಪ್ಪಳ ಕೇಳುತ್ತದೆ. ಹಿಡಿಕೆಯುಳ್ಳ ದುರ್ಬೀನನ್ನು ಕೈಯಲ್ಲಿ ಹಿಡಿದು, ಕಿಟಕಿಯಿಂದ ಕಿಟಕಿಗೆ ಓಡುತ್ತ, ಜಾಲಂದ್ರದ ಪಟ್ಟಿಗಳನ್ನು ಸರಿಸಿ, ಕೋತಿಯನ್ನಾಡಿಸುವವನನ್ನೂ, ಕೊಡೆ ಹಿಡಿದು ನಡೆದುಹೋಗುವ ಸ್ಥೂಲಕಾಯನೊಬ್ಬನನ್ನೂ ನೋಡುತ್ತಾಳೆ. ಅಷ್ಟರಲ್ಲಿ ಭೂಪತಿಯೇ ಪಡಸಾಲೆಯಲ್ಲಿ ಬರುತ್ತಾನೆ. ಪುಸ್ತಕವೊಂದರಲ್ಲಿ ಮುಳುಗಿದ್ದಾನೆ, ಬಾಗಿಲಲ್ಲಿ ನಿಂತ ಹೆಂಡತಿಯ ಪಕ್ಕದಿಂದಲೇ ಹಾದುಹೋದರೂ ಆಕೆಯನ್ನು ಕಾಣುವದಿಲ್ಲ. ಆತನು ದೂರ ಸರಿದ ಮೇಲೆ ಚಾರು ದುರ್ಬೀನನ್ನು ಮತ್ತೆ ಕಣ್ಣಿಗೆ ಹಿಡಿದು, ಬೀದಿಯ ಜನರನ್ನು ನೋಡಿದಂತೆಯೇ ಗಂಡನನ್ನು ನೋಡುತ್ತಾಳೆ. ಬಳಿಕ ಕೈ ಮೆಲ್ಲನೆ ಕೆಳಗಿಳಿಯುತ್ತದೆ. ಕಣ್ಣೀರಿಲ್ಲ, ನಿಟ್ಟುಸಿರಿಲ್ಲ, ಹಿನ್ನೆಲೆಯಲ್ಲಿ ಪಿಟೀಲಿನ ಗೋಳಾಟವಿಲ್ಲ. ಒಬ್ಬ ಹೆಣ್ಣುಮಗಳ ಒಂಟಿತನವನ್ನು ಇಷ್ಟು ಸಾವಕಾಶವಾಗಿ, ಇಷ್ಟು ಸ್ವಚ್ಛವಾಗಿ ಹೇಳಿದ ಇನ್ನೊಂದು ಚಿತ್ರವನ್ನು ನಾವು ನೋಡಿಲ್ಲ.

ಆ ಬಂಕಿಮರ ಪುಸ್ತಕದ ಬಗ್ಗೆ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಸ್ವಪ್ರಯತ್ನದಿಂದ ಬಂಗಾಲಿಯನ್ನು ಕಲಿತ ಬಿ. ವೆಂಕಟಾಚಾರ್ಯರು ಬಂಕಿಮರ ಕಾದಂಬರಿಗಳನ್ನು ಒಂದೊಂದಾಗಿ ಕನ್ನಡಕ್ಕೆ ತಂದದ್ದರಿಂದ, ನಮ್ಮ ಪಟ್ಟಣಗಳ ಎಷ್ಟೋ ಮನೆಗಳ ನಡುಮನೆಯಲ್ಲಿಯೂ ಇಂಥ ಮಧ್ಯಾಹ್ನಗಳು ಅದೇ ಪುಸ್ತಕಗಳ ಮೇಲೆ ಕಳೆದಿವೆ. ಚಾರುವಿನ ಕಪಾಟು ಕನ್ನಡ ಗೃಹಿಣಿಗೆ ಅಪರಿಚಿತವಾದುದಲ್ಲ.

ಕತೆ ನಡೆಯುವ ಕಾಲವನ್ನು ರಾಯರು 1879ರಿಂದ 1880ರವರೆಗಿನದೆಂದು ಗೊತ್ತುಮಾಡಿದ್ದಾರೆ. ಈ ಆಯ್ಕೆ ಸುಮ್ಮನೆ ಮಾಡಿದ್ದಲ್ಲ. ಲಿಟ್ಟನ್ ಪ್ರಭುವಿನ ಸರಕಾರವು ದೇಶಭಾಷಾಪತ್ರಿಕೆಗಳ ಬಾಯಿ ಕಟ್ಟುವ ಶಾಸನವನ್ನು 1878ರಲ್ಲಿ ಜಾರಿಗೆ ತಂದಿತ್ತು. ಇಂಗ್ಲಿಷಿನಲ್ಲಿ ಹೊರಡುವ ಪತ್ರಿಕೆಗಳಿಗೆ ಆ ಶಾಸನವು ತಗಲುತ್ತಿರಲಿಲ್ಲ. ಅದರಿಂದ ಪಾರಾಗುವದಕ್ಕಾಗಿ "ಅಮೃತಬಜಾರ ಪತ್ರಿಕೆ"ಯು ಬಂಗಾಲಿಯನ್ನು ಬಿಟ್ಟು ಇಂಗ್ಲಿಷನ್ನು ತೊಟ್ಟ ಪ್ರಸಂಗವು ಪತ್ರಿಕಾವ್ಯವಸಾಯದವರಿಗೆಲ್ಲ ಬಾಯಿಪಾಠವಾದುದು. ಸುರೇಂದ್ರನಾಥ ಬ್ಯಾನರ್ಜಿಯವರು "ಬೆಂಗಾಲಿ" ಪತ್ರಿಕೆಯನ್ನು ಕೈಗೆ ತೆಗೆದುಕೊಂಡದ್ದು 1879ರಲ್ಲಿ. ಭೂಪತಿಯ "ಸೆಂಟಿನೆಲ್" ಪತ್ರಿಕೆಯೂ ಇದೇ ಗಾಳಿಯಲ್ಲಿ ಹುಟ್ಟಿದ್ದು. ಆತನ ಭಾಷೆ ಇಂಗ್ಲಿಷು, ಆತನ ದೃಷ್ಟಿ ಇಂಗ್ಲೆಂಡಿನ ಪಾರ್ಲಿಮೆಂಟಿನ ಮೇಲೆ, ಆತನ ಭರವಸೆ ಉದಾರಮತದವರ ಮೇಲೆ. 1880ರ ಚುನಾವಣೆಯಲ್ಲಿ ಗ್ಲಾಡ್‌ಸ್ಟನ್ನರ ಪಕ್ಷ ಗೆದ್ದಾಗ ಭೂಪತಿಯು ಮಿತ್ರರನ್ನು ಕರೆದು ಮನೆಯಲ್ಲಿ ಉತ್ಸವ ಮಾಡುತ್ತಾನೆ. ರಾಮಮೋಹನ ರಾಯರ ಪದವೊಂದನ್ನು ಹಾಡುತ್ತಾರೆ. ನಮಗೆ ನಗು ಬರಬಹುದು. ಆದರೆ ನಗುವ ಮುನ್ನ ನೆನೆಯಬೇಕಾದ ಮಾತೊಂದಿದೆ: ಆ ಗೆಲುವಿನ ಫಲವಾಗಿ ಬಂದ ರಿಪ್ಪನ್ ಪ್ರಭುಗಳ ಆಡಳಿತದಲ್ಲಿಯೇ ಪತ್ರಿಕಾಶಾಸನವು ರದ್ದಾಯಿತು. ಭೂಪತಿಯ ಉತ್ಸವವು ಪೂರ್ತಿ ಹುಚ್ಚುತನವಲ್ಲ.

ಚಿತ್ರದ ಕಠಿಣವಾದ ಗಂಟು ಇಲ್ಲಿಯೇ ಇದೆ. ಭೂಪತಿಯು ಕುಡುಕನಾಗಿದ್ದರೆ, ಬೇರೊಂದು ಹೆಣ್ಣಿನ ಮನೆಗೆ ಹೋಗುವವನಾಗಿದ್ದರೆ, ಪ್ರೇಕ್ಷಕನ ತೀರ್ಪು ಕ್ಷಣಮಾತ್ರದಲ್ಲಿ ಮುಗಿಯುತ್ತಿತ್ತು. ಆತನು ಅಂಥವನಲ್ಲ. ಹೆಂಡತಿಯ ಮೇಲೆ ಆತನಿಗೆ ಪ್ರೀತಿಯಿದೆ. ಆಕೆಯು ಒಂಟಿಯಾಗಿರುವಳೆಂದು ಹೊಳೆದೊಡನೆ ಉಪಾಯವನ್ನೂ ಮಾಡುತ್ತಾನೆ. ಆಕೆಯ ಅಣ್ಣ ಉಮಾಪದನನ್ನು ಕರೆಯಿಸಿ ಪತ್ರಿಕೆಯ ವ್ಯವಸ್ಥಾಪಕನನ್ನಾಗಿ ನೇಮಿಸುತ್ತಾನೆ. ಅತ್ತಿಗೆ ಮಂದಾಕಿನಿಯು ಚಾರುವಿಗೆ ಜೊತೆಯಾಗುವಳೆಂದು ಎಣಿಸುತ್ತಾನೆ. ಮಂದಾಕಿನಿಯದು ಇಸ್ಪೀಟೆಲೆಯ ಸಂಗತಿ, ಚಾರುವಿನದು ಪುಸ್ತಕದ ಸಂಗತಿ. ಅದೂ ಸಾಲದೆ ಹೋದಾಗ ತನ್ನ ಸೋದರತ್ತೆಯ ಮಗ ಅಮಲನಿಗೆ ಅತ್ತಿಗೆಯ ಸಾಹಿತ್ಯಾಭಿರುಚಿಯನ್ನು ಬೆಳಸುವ ಕೆಲಸವನ್ನು ಗುಟ್ಟಾಗಿ ಒಪ್ಪಿಸುತ್ತಾನೆ. ಕಚೇರಿಯ ಕೆಲಸವನ್ನು ಕಾರಕೂನರಲ್ಲಿ ಹಂಚಿಕೊಡುವಂತೆ ಹೆಂಡತಿಯ ಮನಸ್ಸನ್ನು ನೋಡಿಕೊಳ್ಳುವ ಕೆಲಸವನ್ನೂ ಹಂಚಿಕೊಡುತ್ತಾನೆ. ತನ್ನ ಹೊತ್ತನ್ನು ಕೊಡುವದೊಂದು ಮಾತ್ರ ಆತನಿಗೆ ಸೂಚಿಸುವದಿಲ್ಲ. ದೇಶಕಾರ್ಯದಲ್ಲಿ, ಸಮಿತಿಗಳಲ್ಲಿ, ದಪ್ತರಗಳಲ್ಲಿ ಹಗಲಿರುಳು ದುಡಿಯುವ ನಮ್ಮಂಥವರು ಈ ದೃಶ್ಯಗಳನ್ನು ನೋಡುವಾಗ ಕುರ್ಚಿಯಲ್ಲಿ ಸ್ವಲ್ಪ ಮಿಸುಕಾಡುವದು ಸಹಜ.

ಅಮಲನು ಬಿರುಗಾಳಿಯೊಡನೆ ಮನೆಯನ್ನು ಹೊಗುತ್ತಾನೆ. ಓದು ಮುಗಿಸಿದ ಹುಡುಗ, ಕವಿತ್ವದ ಹುಚ್ಚು, ಹಾಡುವ ಗಂಟಲು, ನಾಳಿನ ಚಿಂತೆಯಿಲ್ಲ. (ಆತನ ಬಾಯಲ್ಲಿ ರಾಯರು ಇಟ್ಟ ಠಾಕೂರರ ಪದವನ್ನು ಹಿನ್ನೆಲೆಯಲ್ಲಿ ಹಾಡಿದವರು ಕಿಶೋರಕುಮಾರರು.) ತೋಟದಲ್ಲಿ ಚಾಪೆ ಹಾಸಿಕೊಂಡು ಅಮಲನು ಬರೆಯುತ್ತಾನೆ, ಚಾರು ಉಯ್ಯಾಲೆಯಲ್ಲಿ ಕುಳಿತು ತೂಗಿಕೊಳ್ಳುತ್ತ ಹಾಡುತ್ತಾಳೆ. ಸುಬ್ರತ ಮಿತ್ರರ ಛಾಯಾಗ್ರಹಣಯಂತ್ರವು ಉಯ್ಯಾಲೆಯೊಡನೆ ತಾನೂ ತೂಗಿದಂತೆ ಆಕೆಯ ಮುಖವನ್ನು ಬಿಡದೆ ಹಿಂಬಾಲಿಸುತ್ತದೆ. ನೆಲ ಸರಿಯುತ್ತದೆ, ಮರಗಳು ಸರಿಯುತ್ತವೆ, ಮುಖ ಮಾತ್ರ ನಿಲ್ಲುತ್ತದೆ. ಮತ್ತೆ ದುರ್ಬೀನು ಹೊರಬರುತ್ತದೆ. ನೆರೆಮನೆಯ ಕಿಟಕಿಯಲ್ಲಿ ಮಗುವನ್ನೆತ್ತಿಕೊಂಡ ತಾಯಿಯೊಬ್ಬಳನ್ನು ನೋಡುತ್ತಾಳೆ, ಬಳಿಕ ಅಮಲನನ್ನು ನೋಡುತ್ತಾಳೆ. ಆಕೆಗೆ ಮಕ್ಕಳಿಲ್ಲ. ತನ್ನ ಎದೆಯಲ್ಲಿ ಏನಾಗುತ್ತಿದೆಯೆಂಬುದು ಆಕೆಗೆ ಆ ಗಳಿಗೆಯಲ್ಲಿ ಗೊತ್ತಾಗುತ್ತದೆ. ನಮಗೂ ಗೊತ್ತಾಗುತ್ತದೆ. ಪಾತ್ರಧಾರಿಣಿ ಮಾಧವಿ ಮುಖರ್ಜಿಯವರು ಅದನ್ನು ಹೇಳಲು ಹುಬ್ಬನ್ನೂ ಎತ್ತುವದಿಲ್ಲ.

ಈ ಅನುರಾಗದ ಭಾಷೆ ಸಾಹಿತ್ಯ. ಇದು ಚಿತ್ರದ ವೈಶಿಷ್ಟ್ಯ. ಚಾರು ಅಮಲನಿಗೆ ಒಂದು ಹೊಸ ನೋಟುಪುಸ್ತಕವನ್ನು ಕೊಡುತ್ತಾಳೆ. ಅದರಲ್ಲಿ ಬರೆದುದು ಅಚ್ಚಾಗಕೂಡದೆಂಬ ಕರಾರಿನ ಮೇಲೆ. ಆತನು ಕರಾರು ಮುರಿದು ಲೇಖವನ್ನು ಮಾಸಪತ್ರಿಕೆಗೆ ಕಳಿಸುತ್ತಾನೆ. ಅದು ಅಚ್ಚಾದಾಗ ಹಿಗ್ಗಿನಿಂದ ಕುಣಿಯುತ್ತಾನೆ. ಇಬ್ಬರ ನಡುವಿನದಾಗಿದ್ದ ವಸ್ತುವೊಂದು ಬೀದಿಯ ಸೊತ್ತಾಯಿತಲ್ಲ ಎಂಬ ಕುದಿಯಿಂದ ಚಾರು ತಾನೇ ಬರೆಯಲು ಕೂಡುತ್ತಾಳೆ. ಮೊದಲು ಅಮಲನ ಹಾಗೆ ಅಲಂಕಾರದ ಮಾತು ಬರೆಯಹೋಗಿ ಹರಿದೊಗೆಯುತ್ತಾಳೆ. ಆಮೇಲೆ ಕಣ್ಣ ಮುಂದೆ ತನ್ನ ಹುಟ್ಟೂರು ಬರುತ್ತದೆ: ನದಿ, ದೋಣಿ, ಚರಕ, ಜಾತ್ರೆ, ಬಾಣಬಿರುಸು. ಅದನ್ನು ಇದ್ದುದಿದ್ದಂತೆ ಬರೆದು ಇನ್ನೂ ಹೆಚ್ಚಿನ ಪ್ರತಿಷ್ಠೆಯ ಪತ್ರಿಕೆಗೆ ಕಳಿಸುತ್ತಾಳೆ, ಅದು ಅಚ್ಚಾಗುತ್ತದೆ. ಸಂಚಿಕೆ ಕೈಗೆ ಬಂದೊಡನೆ ಅಮಲನ ಕೋಣೆಗೆ ಹೋಗಿ ಅದರಿಂದಲೇ ಆತನ ತಲೆಯ ಮೇಲೆ ಹೊಡೆಯುತ್ತಾಳೆ. ಮುಂದಿನ ಕ್ಷಣ ಆತನ ಎದೆಗೆ ಒರಗಿ ಅಳುತ್ತ, ಇನ್ನು ಬರೆಯುವದಿಲ್ಲವೆನ್ನುತ್ತಾಳೆ. ಅಮಲನು ಸ್ತಬ್ಧನಾಗಿ ನಿಲ್ಲುತ್ತಾನೆ. ಆತನಿಗೆ ಆ ದಿನ ಎರಡು ಸಂಗತಿಗಳು ಒಮ್ಮೆಲೆ ತಿಳಿದವು: ಅತ್ತಿಗೆಯು ತನಗಿಂತ ದೊಡ್ಡ ಬರೆಹಗಾರ್ತಿಯೆಂಬುದು ಒಂದು, ಎರಡನೆಯದನ್ನು ಆತನು ಬಾಯಿಬಿಟ್ಟು ಹೇಳುವಂತಿಲ್ಲ.

ಒಂದೇ ಸೂರಿನ ಕೆಳಗೆ ಎರಡು ಬರೆಹಗಳು ನಡೆದಿವೆಯೆಂಬುದನ್ನು ಗಮನಿಸಬೇಕು. ಕೆಳಗಿನ ಅಂತಸ್ತಿನ ಮುದ್ರಣಾಲಯದಲ್ಲಿ ಭೂಪತಿಯ ಇಂಗ್ಲಿಷ್ ಅಗ್ರಲೇಖಗಳು ಅಚ್ಚಾಗುತ್ತಿವೆ. ತೆರಿಗೆ, ಯುದ್ಧದ ವೆಚ್ಚ, ಪಾರ್ಲಿಮೆಂಟಿನ ಮಾತು. ಮೇಲಿನ ಅಂತಸ್ತಿನಲ್ಲಿ ಆತನ ಹೆಂಡತಿ ತಾಯ್ನುಡಿಯಲ್ಲಿ ತನ್ನ ಹಳ್ಳಿಯನ್ನು ಬರೆಯುತ್ತಿದ್ದಾಳೆ. ಭೂಪತಿಗೆ ಸಾಹಿತ್ಯವೆಂದರೆ ತಾತ್ಸಾರ. ಬಂಕಿಮರನ್ನು ಓದುವದಕ್ಕೂ ಆತನಿಗೆ ಪುರುಸೊತ್ತಿಲ್ಲ. ಹೆಂಡತಿಯ ಲೇಖ ಅಚ್ಚಾದ ಸಂಗತಿಯು ಆತನಿಗೆ ಸ್ನೇಹಿತನೊಬ್ಬನಿಂದ ತಿಳಿಯಬೇಕಾಗುತ್ತದೆ. ಸಂಪಾದಕನಾದವನು ತನ್ನ ಮನೆಯಲ್ಲಿಯೇ ಇದ್ದ ಲೇಖಕಿಯನ್ನು ಪರರ ಪತ್ರಿಕೆಯಲ್ಲಿ ಓದಿದನು! ನಮ್ಮ ವೃತ್ತಿಯ ಮೇಲೆ ಇದಕ್ಕಿಂತ ಮೊನಚಾದ ವ್ಯಂಗ್ಯವನ್ನು ಶತ್ರುಗಳೂ ಹೆಣೆಯಲಾರರು. ಪರಭಾಷೆಯಲ್ಲಿ ದೇಶಸೇವೆಯನ್ನು ಮಾಡುವ ವಿದ್ಯಾವಂತನಿಗೂ ಆತನ ಮನೆಯವರಿಗೂ ನಡುವೆ ಬೆಳೆಯುವ ಗೋಡೆಯನ್ನು ಕುರಿತು ನಮ್ಮಲ್ಲಿ ಎಷ್ಟೋ ಭಾಷಣಗಳಾಗಿವೆ. ರಾಯರು ಭಾಷಣ ಮಾಡದೆ ಒಂದು ಮಹಡಿಯ ಮೆಟ್ಟಿಲನ್ನು ತೋರಿಸಿದ್ದಾರೆ. ಬನ್ಸಿ ಚಂದ್ರಗುಪ್ತರು ಚಿತ್ರಶಾಲೆಯಲ್ಲಿ ಕಟ್ಟಿಸಿದ ಆ ಮನೆಯ ಒಳಾಂಗಣವನ್ನು ನೋಡಿದವರು ಅದನ್ನು ಕೃತ್ರಿಮವೆಂದು ನಂಬಲಾರರು.

ಮುಂದಿನ ಸಂಗತಿಗಳು ವೇಗವಾಗಿ ಸಾಗುತ್ತವೆ. ಉಮಾಪದನು ಪತ್ರಿಕೆಯ ಹಣವನ್ನು ನುಂಗಿ, ಸಾಲವನ್ನು ಭೂಪತಿಯ ತಲೆಗೆ ಕಟ್ಟಿ, ಹೆಂಡತಿಯೊಡನೆ ಮಾಯವಾಗುತ್ತಾನೆ. ಪತ್ರಿಕೆ ನಿಲ್ಲುತ್ತದೆ. ಭೂಪತಿಯು ಅಮಲನ ಮುಂದೆ ಕುಳಿತು, ನಂಬಿದವನೇ ಹೀಗೆ ಮಾಡಿದರೆ ಲೋಕದಲ್ಲಿ ಯಾರನ್ನು ನಂಬಲೆಂದು ಕೇಳುತ್ತಾನೆ. ಆ ಪ್ರಶ್ನೆಯು ತನಗೇ ತಗಲುವದೆಂದು ಭೂಪತಿಗೆ ಗೊತ್ತಿಲ್ಲ, ಅಮಲನಿಗೆ ಗೊತ್ತಿದೆ. ಅದೇ ರಾತ್ರಿ ಚೀಟಿಯೊಂದನ್ನು ಬರೆದಿಟ್ಟು ಆತನು ಮನೆ ಬಿಡುತ್ತಾನೆ. ಅಮಲನನ್ನು ಹೇಡಿಯೆಂದು ಕರೆಯುವವರುಂಟು; ನಾವು ಆ ಪಂಗಡದವರಲ್ಲ. ಹಣ ಕದ್ದವನೂ ಓಡಿದನು, ಕದಿಯಲೊಲ್ಲದವನೂ ಓಡಿದನು. ಇಬ್ಬರ ಓಟವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಮೂಲಕತೆಗೂ ಚಿತ್ರಕ್ಕೂ ಈ ಭಾಗದಲ್ಲಿ ಸಾಕಷ್ಟು ಅಂತರವಿದೆ. ಠಾಕೂರರ ಅಮಲನು ಮದುವೆಯಾಗಿ ವಿಲಾಯತಿಗೆ ಹೋಗುತ್ತಾನೆ. ಆತನ ಕ್ಷೇಮಸಮಾಚಾರಕ್ಕಾಗಿ ಚಾರು ಗುಟ್ಟಾಗಿ ಕಳಿಸಿದ ತಂತಿಯಿಂದ ಗಂಡನಿಗೆ ನಿಜ ಹೊಳೆಯುತ್ತದೆ. ಚಿತ್ರದಲ್ಲಿ ಅದೆಲ್ಲ ಮಾಯವಾಗಿ, ಅಮಲನಿಂದ ಬಂದ ಒಂದು ಕಾಗದವೇ ಆ ಕೆಲಸವನ್ನು ಮಾಡುತ್ತದೆ. ಗುರುದೇವರ ಕತೆಯನ್ನು ಹೀಗೆ ತಿದ್ದಬಹುದೇ ಎಂದು ಅಶೋಕ ರುದ್ರರು ಕಟುವಾಗಿ ಆಕ್ಷೇಪಿಸಿದರು. ರಾಯರು ಬಂಗಾಲಿಯಲ್ಲಿ ದೀರ್ಘವಾದ ಉತ್ತರವನ್ನು ಬರೆದು, ತಾವು ಮಾಡಿದ ಒಂದೊಂದು ಬದಲಾವಣೆಗೂ ಕಾರಣ ಕೊಟ್ಟರು. ಕತೆಗಾರನಿಗೆ ಒಳಮನಸ್ಸನ್ನು ವರ್ಣಿಸುವ ಸ್ವಾತಂತ್ರ್ಯವಿದೆ, ಚಿತ್ರಕಾರನು ಕಣ್ಣಿಗೆ ಕಂಡುದರಿಂದಲೇ ಒಳಗಿನದನ್ನು ಹೇಳಬೇಕು. ಆದುದರಿಂದ ನಮ್ಮ ಮತವು ರಾಯರ ಕಡೆಗಿದೆ. ಠಾಕೂರರ ಅಣ್ಣ ಜ್ಯೋತಿರಿಂದ್ರನಾಥರ ಪತ್ನಿ ಕಾದಂಬರಿದೇವಿಯವರು 1884ರಲ್ಲಿ ಅಕಾಲದಲ್ಲಿ ತೀರಿಕೊಂಡುದನ್ನೂ ಈ ಕತೆಯನ್ನೂ ಹೊಂದಿಸಿ ನೋಡುವ ಚರ್ಚೆಯೂ ಬಂಗಾಲದಲ್ಲಿ ಬಹಳ ನಡೆದಿದೆ. ದಿವಂಗತರ ಮನೆಯ ಬಾಗಿಲನ್ನು ತಟ್ಟುವ ಆ ಕುತೂಹಲ ನಮಗೆ ಹಿಡಿಸದು.

ಒಂದು ಬದಲಾವಣೆಯನ್ನು ಮಾತ್ರ ಕನ್ನಡಿಗರಾದ ನಾವು ಸ್ವಲ್ಪ ವ್ಯಸನದಿಂದಲೇ ಒಪ್ಪಬೇಕಾಗಿದೆ: ಚಿತ್ರದಲ್ಲಿ ಮೈಸೂರಿಲ್ಲ. ಭೂಪತಿಯು ನಿಜವಾಗಿ ನಮ್ಮ ಕಡೆಗೆ ಬಂದಿದ್ದರೆ ಆತನ ಪಾಡು ಏನಾಗುತ್ತಿತ್ತೆಂದು ಕಲ್ಪಿಸಿಕೊಳ್ಳುವದು ಕಷ್ಟವಲ್ಲ. 1885ರಲ್ಲಿ "ವೃತ್ತಾಂತ ಚಿಂತಾಮಣಿ"ಯನ್ನು ಹೊರಡಿಸಿದ ತಾತಯ್ಯ ವೆಂಕಟಕೃಷ್ಣಯ್ಯನವರಂಥ ನಿರ್ಭೀತರ ನೆರೆ ಆತನಿಗೆ ಅಲ್ಲಿ ದೊರೆಯುತ್ತಿತ್ತು. ಕೆಲವು ವರ್ಷಗಳೊಳಗೆ, 1908ರ ಮೈಸೂರು ಪತ್ರಿಕಾಶಾಸನದ ಬಿಸಿಯೂ ತಟ್ಟುತ್ತಿತ್ತು. ಲಿಟ್ಟನ್ನರ ಶಾಸನವನ್ನು ಇಂಗ್ಲಿಷಿನ ಮರೆಯಲ್ಲಿ ಕುಳಿತು ನೋಡಿದವನಿಗೆ ದೇಶೀಯ ಸಂಸ್ಥಾನದಲ್ಲಿಯೇ ಬಾಯಿಗೆ ಬೀಗ ಬೀಳುವದು ಹೊಸ ಪಾಠವಾಗುತ್ತಿತ್ತು.

ಮೈಸೂರಿನ ಬದಲು ರಾಯರು ಗಂಡಹೆಂಡಿರನ್ನು ಸಮುದ್ರತೀರಕ್ಕೆ ಕಳಿಸಿದ್ದಾರೆ. ಪತ್ರಿಕೆ ಹೋಯಿತು, ಹಣ ಹೋಯಿತು. ಭೂಪತಿಗೆ ಮೊದಲ ಸಲ ಹೆಂಡತಿಯ ಪಕ್ಕದಲ್ಲಿ ಕೂಡಲು ಪುರುಸೊತ್ತಾಗಿದೆ. ಮರಳಿನ ಮೇಲೆ ಕುಳಿತು ಚಾರು ಒಂದು ಸೂಚನೆಯನ್ನು ಮುಂದಿಡುತ್ತಾಳೆ: ಪತ್ರಿಕೆಯನ್ನು ಮತ್ತೆ ಹೊರಡಿಸೋಣ, ಎರಡು ಭಾಷೆಗಳಲ್ಲಿ, ರಾಜಕಾರಣದ ಇಂಗ್ಲಿಷ್ ಭಾಗ ಆತನದು, ಬಂಗಾಲಿಯ ಭಾಗ ತನ್ನದು. ಭೂಪತಿಯ ಮುಖ ಅರಳುತ್ತದೆ. ಪ್ರೇಕ್ಷಕನಿಗೂ ಒಂದು ಗಳಿಗೆ, ಎಲ್ಲವೂ ಸರಿಹೋಯಿತೆಂಬ ಆಸೆ ಮೂಡುತ್ತದೆ. ಹೆಂಡತಿಯು ಬರೆಯಬಲ್ಲಳೆಂಬುದನ್ನು ಈ ಮನುಷ್ಯನು ಎರಡು ವರ್ಷ ಮೊದಲು ಕಂಡಿದ್ದರೆ!

ಊರಿಗೆ ಮರಳಿದಾಗ ಅಮಲನ ಕಾಗದ ಬಂದಿರುತ್ತದೆ. ಗಂಡನು ಹೊರಗೆ ಹೋದನೆಂದು ತಿಳಿದು ಚಾರು ಮಂಚದ ಮೇಲೆ ಬಿದ್ದು, ಅಮಲನ ಹೆಸರು ಹಿಡಿದು, ಇಷ್ಟು ದಿನ ತಡೆದ ದುಃಖವನ್ನೆಲ್ಲ ಹೊರಗೆ ಹಾಕುತ್ತಾಳೆ. ಭೂಪತಿಯು ತಿರುಗಿ ಬಂದವನು ಬಾಗಿಲಲ್ಲಿಯೇ ಅದನ್ನು ಕೇಳಿ, ಸದ್ದಿಲ್ಲದೆ ಮೆಟ್ಟಿಲಿಳಿದು, ಗಾಡಿಯಲ್ಲಿ ಕುಳಿತು, ಎಲ್ಲಿಗೆಂದಿಲ್ಲದೆ ಕಲಕತ್ತೆಯ ಬೀದಿಗಳಲ್ಲಿ ಸುತ್ತುತ್ತಾನೆ. ಕಣ್ಣು ಒರೆಸಿಕೊಳ್ಳಲು ಕರವಸ್ತ್ರವನ್ನು ತೆಗೆಯುತ್ತಾನೆ. ಅದರ ಮೂಲೆಯಲ್ಲಿ ಆ ಕಸೂತಿಯ ಅಕ್ಷರವಿದೆ. ಅದನ್ನು ನೋಡುತ್ತ ಕೂಡುತ್ತಾನೆ. ಇಲ್ಲಿಯವರೆಗೆ ಒಂಟಿತನವು ಚಾರುವಿನ ಪಾಲಿನದಾಗಿತ್ತು. ಈಗ ಆ ಮುಚ್ಚಿದ ಗಾಡಿಯೊಳಗೆ ಭೂಪತಿಗೂ ಅದರ ಪಾಲು ಬಂದಿತು. ಶೈಲೇನ ಮುಖರ್ಜಿಯವರ ಅಭಿನಯವನ್ನು ಸೌಮಿತ್ರ ಚಟರ್ಜಿಯವರ ಚೆಲುವಿನ ಅಬ್ಬರದಲ್ಲಿ ಜನರು ಮರೆಯುವದುಂಟು. ಈ ಒಂದು ದೃಶ್ಯಕ್ಕಾಗಿಯಾದರೂ ಅವರನ್ನು ಮರೆಯಲಾಗದು.

ರಾತ್ರಿ ಭೂಪತಿಯು ಮನೆಗೆ ಬರುತ್ತಾನೆ. ಚಾರು ಬಾಗಿಲನ್ನು ತೆರೆದು, ಬಾ ಎಂದು ಕೈಚಾಚುತ್ತಾಳೆ. ಆತನೂ ಹಿಂದುಮುಂದು ನೋಡುತ್ತ ಕೈಚಾಚುತ್ತಾನೆ. ಎರಡು ಕೈಗಳು ಕೂಡುವ ಮೊದಲೇ ಚಿತ್ರವು ನಿಂತುಬಿಡುತ್ತದೆ. ಚಲಿಸುವ ಚಿತ್ರವು ಚಲನೆಯನ್ನು ಬಿಟ್ಟು ಭಾವಚಿತ್ರವಾಗುತ್ತದೆ. ಆಕೆಯ ಮುಖ, ಆತನ ಮುಖ, ದೀಪ ಹಿಡಿದು ಬಂದ ಮುದಿ ಆಳು, ನಡುವೆ ಗೇಣುದ್ದ ಬರಿದಾದ ಜಾಗ. ಅದರ ಮೇಲೆ "ನಷ್ಟನೀಡ"ವೆಂಬ ಬಂಗಾಲಿ ಅಕ್ಷರಗಳು. ಸಮುದ್ರದ ದಂಡೆಯಲ್ಲಿ ಮಾತಾಡಿಕೊಂಡ ಆ ಎರಡು ಭಾಷೆಯ ಪತ್ರಿಕೆಯ ಮೊದಲ ಸಂಚಿಕೆ ಹೊರಬಿತ್ತೋ ಇಲ್ಲವೋ, ಚಿತ್ರದಲ್ಲಿ ಹೇಳಿಲ್ಲ.